ಬಾಡಿಗೆ ಮನೆ ಕೊಳ್ಳುವ ಮುನ್ನ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ಹಿರಿಯರು "ಬಾಡಿಗೆಗೆ ಕೊಟ್ಟು ನೋಡು" ಎನ್ನುವುದನ್ನು ಏಕೋ ಮರೆತರು! ತವರಿನ ಪಾಲೆಂದು 16 ಲಕ್ಷ ರೂಪಾಯಿ ಕೈಗೆ ಬಂದಾಗ ಮಾನ್ವಿಯ ಗೃಹಿಣಿಯಾದ ನನಗೆ ಆ ಪಾಠವಾಯಿತು. ನಿಮಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ನೋಡಿದ್ದು ದೇವದುರ್ಗದ ಒಂದು ನಿವೇಶನ. "ಅಗ್ಗ ಐತಿ, ಬಿಡಬಾರ್ದು" ಎಂದು ನಮ್ಮವರು ಮುಂಗಡ ಕೊಟ್ಟೇಬಿಟ್ಟರು. ಆಮೇಲೆ ವಕೀಲರಿಗೆ ಕಾಗದ ತೋರಿಸಿದರೆ, ದಾಖಲೆಯಲ್ಲಿ ಅದಿನ್ನೂ ಹೊಲವೇ, ಎನ್.ಎ. ಆಗಿಯೇ ಇಲ್ಲ! ಮುಂಗಡದಲ್ಲಿ ಅರ್ಧ ಮಾತ್ರ ಹಿಂದಿರುಗಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮಾನ್ವಿಯಲ್ಲೇ ಅಂಗಡಿ ಮಳಿಗೆಯೊಂದಿತ್ತು. ಆದರೆ ನಮ್ಮೂರಿನ ವ್ಯಾಪಾರವೆಲ್ಲ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತವನ್ನು ನಂಬಿದ್ದು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಾವೆಲ್ಲ ಎಷ್ಟು ಹೆದರಿದ್ದೆವು! ಬೆಳೆ ಕೈಕೊಟ್ಟರೆ ಬಾಡಿಗೆಯೂ ನಿಂತಂತೆ.

ಹಾಗಾಗಿ ರಾಯಚೂರಿನತ್ತ ಕಣ್ಣು ಹೋಯಿತು. ಅಲ್ಲಿ ವೈದ್ಯಕೀಯ ಕಾಲೇಜುಗಳಿವೆ, 2008ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯವಿದೆ. ನೌಕರರ ಸಂಬಳ ಕಾಲುವೆ ನೋಡಿ ಬರುವುದಿಲ್ಲವಲ್ಲ!

ಎರಡು ಕೋಣೆಯ ಮನೆಯೊಂದನ್ನು ಮೇ ತಿಂಗಳ ನಡು ಮಧ್ಯಾಹ್ನ ಬೇಕೆಂದೇ ನೋಡಿದೆ. ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಅಡುಗೆಮನೆಯಲ್ಲಿ ಹತ್ತು ನಿಮಿಷ ನಿಂತೆ, ನಿಲ್ಲಬಹುದು ಎನಿಸಿತು. ನೀರಿನ ಬಗ್ಗೆ ದಲ್ಲಾಳಿ "ಏನೂ ತೊಂದ್ರಿ ಇಲ್ರಿ" ಎಂದ. ಪಕ್ಕದ ಮನೆಯಾಕೆಯನ್ನು ಕೇಳಿದೆ. "ಸಂಪು ಇಲ್ದ ಆಗೂದಿಲ್ರೀ ಅಕ್ಕಾರ" ಎಂದಳು. ಸಂಪಿನ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೆ.

ಈಗ ಲೆಕ್ಕ ಕೇಳಿ. ಎಲ್ಲ ಸೇರಿ 15 ಲಕ್ಷ, ಬಾಡಿಗೆ 6,000. ವರ್ಷಕ್ಕೆ 72,000 ಎಂದು ಹಿಗ್ಗಬೇಡಿ. ಒಂದು ತಿಂಗಳು ಖಾಲಿ ಬಿದ್ದೀತು, ತೆರಿಗೆ-ರಿಪೇರಿಗೆ ಇನ್ನೊಂದು ತಿಂಗಳಿನದು ಹೋದೀತು. ಉಳಿಯುವುದು 60,000, ಅಂದರೆ ನೂರಕ್ಕೆ 4. ಬ್ಯಾಂಕಿನ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ! ಬಾಡಿಗೆ ಕಾಲಕಾಲಕ್ಕೆ ಏರೀತು, ಆಸ್ತಿಯೂ ಉಳಿದೀತು ಎಂಬ ಭರವಸೆಯಿಂದ ಕೊಂಡೆ. ಸಾಲ ಮಾಡಿ ಮಾತ್ರ ಈ ಕೆಲಸಕ್ಕೆ ಇಳಿಯಬೇಡಿ, ಬಡ್ಡಿಯೇ ಬಾಡಿಗೆಯನ್ನು ನುಂಗುತ್ತದೆ.

ಮುಂಗಡಕ್ಕೆ ಮೊದಲು ಖಾತೆ, ಋಣಭಾರ ಪತ್ರ ನೋಡಿ. ಬಾಡಿಗೆಯ ಕರಾರನ್ನು 11 ತಿಂಗಳಿಗೆ ಬರೆಸಿ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ.

ನೋಂದಣಿಯ ದಿನ ನಮ್ಮವರೇ, "ಬರೀ ನಿನ್ನ ಹೆಸರಿರಲಿ, ದುಡ್ಡು ನಿಂದು" ಎಂದರು. ಮುಂಗಡ ಕಳೆದ ಬೇಸರ ಅಂದೇ ಮರೆಯಿತು ನೋಡಿ!