ಎಳೆ ಕೂಡಿದರೆ ನೂಲು

ಶಿಡ್ಲಘಟ್ಟವು ರೇಷ್ಮೆಗೆ ಹೆಸರಾದ ಊರು. ಒಂದೇ ಗೂಡಿನ ಎಳೆಯು ನೇಯ್ಗೆಗೆ ಒದಗದಷ್ಟು ನವಿರಾದುದು. ಬಿಸಿನೀರಿನಲ್ಲಿ ತೇಲುವ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಬಿಚ್ಚಿದಾಗಲೇ ಅದು ನೂಲಾಗುತ್ತದೆ. ನಡುವೆ ಒಂದು ಗೂಡಿನ ಎಳೆ ಮುಗಿದರೆ ಕೂಡಲೇ ಇನ್ನೊಂದರ ಎಳೆಯನ್ನು ಸೇರಿಸುತ್ತಾರೆ, ನೂಲು ತುಂಡಾಗುವುದಿಲ್ಲ. ಆಟದ ತಂಡದ ಬಲವೂ ಇಂಥದೇ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಗಳ ಶಾಲಾ ಬಯಲುಗಳಲ್ಲಿ ಮಕ್ಕಳು ಆಡುವ ಕಬಡ್ಡಿಯನ್ನೇ ನೋಡಬಹುದು. ದಾಳಿಗಾರನು ಒಬ್ಬನೇ ಎದುರಾಳಿಗಳ ಅಂಕಣಕ್ಕೆ ನುಗ್ಗುತ್ತಾನೆ. ಅವರು ಕೈಕೈ ಹಿಡಿದು ಸರಪಳಿಯಂತೆ ನಿಲ್ಲುತ್ತಾರೆ. ಒಬ್ಬನು ಶೌರ್ಯ ತೋರುವ ಆತುರದಿಂದ ಕೈಬಿಟ್ಟು ಮುನ್ನುಗ್ಗಿದರೆ, ಆ ಸಂದಿಯಲ್ಲಿಯೇ ದಾಳಿಗಾರನು ನುಸುಳಿ ಪಾರಾಗುತ್ತಾನೆ. ತಾನು ಕಾಲು ಹಿಡಿದ ಕ್ಷಣವೇ ಪಕ್ಕದವನು ಸೊಂಟ ಹಿಡಿಯುವನೆಂಬ ಭರವಸೆಯಿದ್ದರೆ ಮಾತ್ರ ಕಾಲು ಹಿಡಿಯುವವನಿಗೆ ಧೈರ್ಯ ಮೂಡುತ್ತದೆ. ತಂಡದಲ್ಲಿ ಆತ್ಮವಿಶ್ವಾಸವೆಂಬುದು ಅರ್ಧ ತನ್ನ ಮೇಲಿನ ನಂಬಿಕೆ, ಅರ್ಧ ಜೊತೆಗಾರನ ಮೇಲಿನ ನಂಬಿಕೆ.

ಈ ನಂಬಿಕೆಯ ಫಲಕ್ಕೆ ಕರ್ನಾಟಕದ ಕ್ರಿಕೆಟ್ ಚರಿತ್ರೆಯಲ್ಲಿ ಉಜ್ವಲ ನಿದರ್ಶನವುಂಟು. 1958-59 ರಿಂದ ಸತತವಾಗಿ 15 ಬಾರಿ ರಣಜಿ ಟ್ರೋಫಿಯನ್ನು ಗೆದ್ದಿದ್ದ ಮುಂಬಯಿ ತಂಡವು ಅಜೇಯವೆಂಬ ಭಾವನೆ ದೇಶದಲ್ಲಿ ಬೇರೂರಿತ್ತು. 1974 ರಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್ ಪಂದ್ಯದಲ್ಲಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕ ತಂಡವು ಅದನ್ನು ಎದುರಿಸಿತು. ವಿಶ್ವನಾಥ್ 162 ಹಾಗೂ ಬ್ರಿಜೇಶ್ ಪಟೇಲ್ 106 ರನ್ ಗಳಿಸಿದರು. ತಂಡದ ಮೊತ್ತ 385 ಆಯಿತು. ಮುಂಬಯಿಯ ಗವಾಸ್ಕರ್ ಪ್ರಸನ್ನ ಅವರ ಚೆಂಡಿಗೆ ಬೌಲ್ಡ್ ಆದರು. ವಾಡೇಕರ್ ರನ್ ಔಟ್ ಆದರು. ರನ್ ಔಟ್ ಯಾವ ಬೌಲರನ ಲೆಕ್ಕಕ್ಕೂ ಸೇರುವುದಿಲ್ಲ; ಅದು ತಂಡದ ಎಚ್ಚರಕ್ಕೆ ಸಲ್ಲುವ ಗಳಿಕೆ. 307 ರನ್ನುಗಳಿಗೆ ಮುಂಬಯಿಯ ಆಟ ಮುಗಿಯಿತು. ಮೊದಲ ಇನಿಂಗ್ಸಿನ ಮುನ್ನಡೆಯಿಂದ ಫೈನಲ್ ತಲುಪಿದ ಕರ್ನಾಟಕವು ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಮೊದಲ ಬಾರಿಗೆ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು.

ಇಂತಹ ವಿಶ್ವಾಸ ಹುಟ್ಟುವುದೆಲ್ಲಿ? ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅವರು 1977 ರಲ್ಲಿ ಈ ಪ್ರಶ್ನೆಯನ್ನು ವಿವೇಚಿಸಿದರು. ಇತರರ ಯಶಸ್ಸನ್ನು ಕಾಣುವುದರಿಂದಲೂ ಹುರಿದುಂಬಿಸುವ ಮಾತಿನಿಂದಲೂ ವಿಶ್ವಾಸ ಬೆಳೆಯುತ್ತದೆ. ಆದರೆ ಸ್ವತಃ ಮಾಡಿ ಸಾಧಿಸಿದ ಅನುಭವವೇ ಅದರ ಪ್ರಬಲ ಮೂಲವೆಂದು ಅವರು ಹೇಳಿದರು. ಜೊತೆಗಾರರ ನಂಬಿಕೆಗೂ ಇದೇ ನಿಯಮ. ದಿನವೂ ಕೂಡಿ ಅಭ್ಯಾಸ ಮಾಡಿದವರಿಗೆ ಪರಸ್ಪರರ ಹೆಜ್ಜೆ ತಿಳಿದಿರುತ್ತದೆ.

ತಪ್ಪಿದವನನ್ನು ಹಳಿಯುವ ತಂಡದಲ್ಲಿ ಮುಂದಿನ ಸಲ ಕಾಲು ಹಿಡಿಯಲು ಯಾರೂ ಮುಂದಾಗರು. ತಪ್ಪಿದವನ ಜಾಗಕ್ಕೆ ಮರುಮಾತಿಲ್ಲದೆ ಇನ್ನೊಬ್ಬನು ಧಾವಿಸುವ ತಂಡವು ಒಂದು ಪಂದ್ಯವನ್ನು ಸೋತರೂ ಮರುದಿನ ಮತ್ತೆ ಬಯಲಿಗಿಳಿಯುತ್ತದೆ.