ಕ್ಯಾಂಪಿನಲ್ಲಿ ಹುಟ್ಟಿದವರು ಯಾವ ದೇಶದವರು?

ಪಿರಿಯಾಪಟ್ಟಣ ಕಡೆಯವರಿಗೆ ‘ಕ್ಯಾಂಪ್’ ಅಂದರೆ ಸಾಕು, ಬೈಲಕುಪ್ಪೆಯ ಟಿಬೆಟಿಯನ್ನರು ಅಂತ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾರೆ, ನಮ್ಮ ಹಾಗೇ ಮುಸುಕಿನ ಜೋಳ ಬೆಳೆಯುತ್ತಾರೆ, ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಬಂದರು. ಅದಾದ ಮೇಲೆ ಅವರ ಜನರಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕಾಡು ಜಾಗ ಕೊಟ್ಟಿತು. ಆಗ ಬಂದವರ ಮೊಮ್ಮಕ್ಕಳೇ ಈಗ ಸಂಸಾರಸ್ಥರು.

ನಮ್ಮ ಕಡೆ ಟೀ ಅಂಗಡಿಯಲ್ಲಿ ಒಬ್ಬರು “ಇಲ್ಲೇ ಹುಟ್ಟಿದವರಿಗೆ ವೋಟು ಯಾಕಿಲ್ಲ?” ಅಂತಾರೆ. ಪಕ್ಕದವರು “ಅವರಿಗ್ಯಾಕೆ ವೋಟು?” ಅಂತಾರೆ. ಇಬ್ಬರೂ ಕಾನೂನು ನೋಡಿದವರಲ್ಲ. ನಾವು ಮೂವರು ಅದನ್ನೇ ಹಿಡಿದು ಓದಿದೆವು, ಆಮೇಲೆ ಕ್ಯಾಂಪಿಗೂ ಹೋದೆವು.

ಭಾರತದ ಪೌರತ್ವ ಕಾಯ್ದೆಯಲ್ಲಿ ಎರಡು ತಾರೀಖು ನೆನಪಿಟ್ಟುಕೊಳ್ಳಿ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಈ ನೆಲದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಯಾವ ದೇಶದವರಾದರೂ ಭಾರತೀಯರೇ. (ರಾಯಭಾರಿಗಳ ಮಕ್ಕಳಂಥ ಒಂದೆರಡು ಅಪವಾದ ಬಿಡಿ.) ಅಲ್ಲಿಂದಾಚೆ ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಭಾರತೀಯರಿರಬೇಕು. 2004ರ ಡಿಸೆಂಬರ್ 3ರ ನಂತರ ಇನ್ನೂ ಬಿಗಿ: ಒಬ್ಬರು ಭಾರತೀಯರಾದರೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಮೊದಲ ತಿದ್ದುಪಡಿ ತಂದಾಗ ಸರ್ಕಾರದ ತಲೆಯಲ್ಲಿದ್ದದ್ದು ಬಾಂಗ್ಲಾದೇಶ, ಶ್ರೀಲಂಕಾ ಕಡೆಯ ವಲಸೆ. ಪೆಟ್ಟು ಬೈಲಕುಪ್ಪೆಗೂ ಬಿತ್ತು.

ಹೇಗೆ ಬಿತ್ತು ಅನ್ನುವುದು ಒಂದು ಮೊಮೊ ಅಂಗಡಿಯಲ್ಲಿ ಗೊತ್ತಾಯಿತು. ಅಂಗಡಿಯ ಅಕ್ಕ ಹುಟ್ಟಿದ್ದು 1986ರಲ್ಲಿ, ಅವರ ತಮ್ಮ 1989ರಲ್ಲಿ. ಇಬ್ಬರೂ ಅದೇ ಮನೆಯಲ್ಲಿ ಹುಟ್ಟಿದವರು. ತಂದೆ ತಾಯಿ ಟಿಬೆಟ್‌ನಿಂದ ನಡೆದು ಬಂದವರು. ಕಾನೂನಿನ ಪ್ರಕಾರ ಅಕ್ಕ ಭಾರತೀಯಳು, ತಮ್ಮ ವಿದೇಶಿ. ತಮ್ಮ ‘ಆರ್‌ಸಿ’ ಅನ್ನುವ ನೋಂದಣಿ ಪತ್ರವನ್ನು ಆಗಾಗ ನವೀಕರಿಸುತ್ತಲೇ ಇರಬೇಕು.

ಮದುವೆ ಇದನ್ನು ಮುಂದಿನ ತಲೆಮಾರಿಗೂ ಎಳೆಯಿತು. ಅಕ್ಕನ ಗಂಡ 1984ರಲ್ಲಿ ಮುಂಡಗೋಡದ ಕ್ಯಾಂಪಿನಲ್ಲಿ ಹುಟ್ಟಿದವರು. ಹಾಗಾಗಿ ಅವರ ಮಗಳು ಭಾರತೀಯಳು. ತಮ್ಮನ ಹೆಂಡತಿ ಹುಟ್ಟಿದ್ದು 1991ರಲ್ಲಿ, ಅವರ ಹೆತ್ತವರೂ ಟಿಬೆಟ್‌ನವರೇ. ಹಾಗಾಗಿ ತಮ್ಮನ ಮಗ ಭಾರತೀಯನಲ್ಲ. ಇಬ್ಬರು ಮಕ್ಕಳೂ ಒಂದೇ ಶಾಲೆಗೆ ಹೋಗುತ್ತಾರೆ.

ಹಾಗಾದರೆ ಅಕ್ಕ ಪಾಸ್‌ಪೋರ್ಟ್ ಮಾಡಿಸಿದ್ದಾರಾ? ಇಲ್ಲ. 1987ಕ್ಕೆ ಮುಂಚೆ ಹುಟ್ಟಿದ ಟಿಬೆಟಿಯನ್ನರು ಭಾರತೀಯರೇ ಅಂತ ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿವೆ. 2014ರಲ್ಲಿ ಚುನಾವಣಾ ಆಯೋಗವೂ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂತು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಕೇಳುವವರಿಗೆ ಷರತ್ತು ಬಂತು: ಆರ್‌ಸಿ ಒಪ್ಪಿಸಬೇಕು, ಟಿಬೆಟಿಯನ್ ಆಡಳಿತದ ಸವಲತ್ತು ಬಿಡಬೇಕು, ನಿರಾಶ್ರಿತರ ಕ್ಯಾಂಪಿನಲ್ಲಿ ವಾಸ ಇರಬಾರದು. “ಪಾಸ್‌ಪೋರ್ಟ್ ತಗೊಂಡು ಅಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?” ಅಂದರು ಅಕ್ಕ. ಕೋರ್ಟು ಕೊಟ್ಟ ಹಕ್ಕನ್ನು ಮನೆಯ ಬೆಲೆಗೆ ಮಾರುವ ಈ ಷರತ್ತು ನಮಗೆ ಸರಿ ಕಾಣುವುದಿಲ್ಲ. ಹಾಗಂತ ಕ್ಯಾಂಪಿನ ಎಲ್ಲರಿಗೂ ಪೌರತ್ವ ಬೇಕು ಅಂತಲೂ ಇಲ್ಲ. ಟಿಬೆಟ್‌ಗೆ ವಾಪಸ್ ಹೋಗುವ ಆಸೆಗೆ ಅದು ಅಡ್ಡಿ ಅನ್ನುವ ಹಿರಿಯರೂ ಸಿಕ್ಕರು.

ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ನಮ್ಮಲ್ಲಿ ದಾರಿ ಇದೆ. ಗಂಡಾಗಲಿ ಹೆಣ್ಣಾಗಲಿ, ಕಾನೂನು ಪ್ರಕಾರ 7 ವರ್ಷ ಇಲ್ಲಿ ವಾಸ ಇದ್ದು ಅರ್ಜಿ ಹಾಕಬೇಕು. ಪಕ್ಕದ ನೇಪಾಳದಲ್ಲಿ ಹಾಗಿಲ್ಲ. ಅಲ್ಲಿನ ಗಂಡನ್ನು ಮದುವೆಯಾದ ಪರದೇಶದ ಹೆಣ್ಣಿಗೆ ಪೌರತ್ವ ಸಿಗುತ್ತದೆ, ಅಲ್ಲಿನ ಹೆಣ್ಣನ್ನು ಮದುವೆಯಾದ ಗಂಡಿಗೆ ಆ ದಾರಿಯಿಲ್ಲ.

ಇನ್ನು ಮಗಳೋ ಸೊಸೆಯೋ ದುಬೈ, ಕುವೈತ್‌ನಲ್ಲಿ ಹೆರಿಗೆಗೆ ಕಾದಿದ್ದರೆ ಒಂದು ಮಾತು. ಅಲ್ಲಿ ಹುಟ್ಟಿತು ಅಂತ ನಮ್ಮ ಮಗುವಿಗೆ ಆ ದೇಶದ ಪೌರತ್ವ ಸಿಗುವುದಿಲ್ಲ. ಒಂದು ವರ್ಷದೊಳಗೆ ಅಲ್ಲಿರುವ ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಿ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಕೇಳಬೇಕಾಗುತ್ತದೆ.