ಮೂರು ಸಾವಿರ ಕಂಬದ ಏಪ್ರನ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಭೂಪಟದಲ್ಲಿ ಈ ಮೂರು ಊರುಗಳನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ಒಂದು ಮೂಲೆಯಲ್ಲಿ ನೇತ್ರಾವತಿ, ಇನ್ನೊಂದರಲ್ಲಿ ಘಟ್ಟದ ತಪ್ಪಲು, ಮತ್ತೊಂದರಲ್ಲಿ ಬಸದಿಗಳ ಸಾಲು. ದೇವಸ್ಥಾನಕ್ಕೆ ಹರಕೆ ಹೊತ್ತವರು, ಗಡಾಯಿಕಲ್ಲು ಹತ್ತುವ ಹುಡುಗರು, ಮದುವೆಯ ಜವಳಿ ಕೊಳ್ಳುವವರು ಹೀಗೆ ಎಲ್ಲರಿಗೂ ಈ ದಾರಿ ಪರಿಚಿತ. ಆದರೆ ಅಡುಗೆಮನೆಯ ಏಪ್ರನ್ ಒಂದರ ಸಲುವಾಗಿ ಈ ತ್ರಿಕೋನವನ್ನು ಸುತ್ತಿದವರು ಬಹುಶಃ ಕಡಿಮೆ.

ನಮ್ಮ ಕಡೆಯ ಅಡುಗೆಮನೆಗೆ ಏಪ್ರನ್ ಹೊಸಬ. ಒದ್ದೆ ಕೈ ಒರೆಸಲು ಹೆಂಗಸರಿಗೆ ಸೆರಗಿದೆ. ಊಟದ ಮನೆಗಳಲ್ಲಿ ಕಡಾಯಿ ಮುಂದೆ ನಿಲ್ಲುವ ಅಡುಗೆ ಭಟ್ಟರು ಸೊಂಟಕ್ಕೆ ಒಂದು ಬೈರಾಸು ಬಿಗಿದರೆ ಮುಗಿಯಿತು. ಆದರೂ ಹೀಗಾಯಿತು: ಬೆಳ್ತಂಗಡಿಯಲ್ಲಿರುವ ನನ್ನ ಹೆಂಡತಿಯ ಅಕ್ಕನಿಗೆ ಪೇಟೆಯ ವ್ಯಾಪಾರಿಯೊಬ್ಬರು ಮೊಬೈಲಿನಲ್ಲಿ ಒಂದು ಚಿತ್ರ ಕಳುಹಿಸಿದರು. ಬಣ್ಣಬಣ್ಣದ ಚೌಕಗಳನ್ನು ಜೋಡಿಸಿದ ಕ್ರೋಶಾ ಏಪ್ರನ್. ಇಂಥದು ಒಂದು ಡಜನ್ ಬೇಕು, ನೀವು ಹೇಗೂ ಮನೆಯಲ್ಲೇ ಇರುತ್ತೀರಲ್ಲ, ಬಿಡುವಿನಲ್ಲಿ ಹೆಣೆದುಕೊಡಿ ಎಂದು ಒಂದು ದರವನ್ನೂ ಹೇಳಿದ್ದರು. ದರ ಸರಿಯೋ ತಪ್ಪೋ ಎಂದು ಅತ್ತಿಗೆಗೆ ಗೊತ್ತಾಗಲಿಲ್ಲ. "ಭಾವ ಲೆಕ್ಕದವರಲ್ಲವಾ, ಅವರನ್ನು ಕೇಳು" ಎಂದು ತಂಗಿಗೆ ಹೇಳಿದಳಂತೆ. ವಿಜ್ಞಾನದ ಮಾಸ್ತರಿಗೆ ಇಂಥ ಪಾಠವೂ ಒಮ್ಮೊಮ್ಮೆ ಬರುತ್ತದೆ.

ನಾವು ಸಿದ್ಧಕಟ್ಟೆಯ ಕಡೆಯವರು. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಬ್ಬರೂ ಬಂಟ್ವಾಳ ಪೇಟೆಗೆ ಇಳಿದೆವು. ಬಿ.ಸಿ.ರೋಡು ಬೆಳೆದ ಮೇಲೆ ಹಳೆ ಪೇಟೆಯ ಗದ್ದಲ ತಗ್ಗಿದೆ. 1923ರ ಮತ್ತು 1974ರ ನೆರೆಗಳನ್ನು ಕಂಡ ಊರು ಇದು. ಫ್ಯಾನ್ಸಿ ಅಂಗಡಿಯಲ್ಲಿ "ಉಲ್ಲನ್ ಉಂಟಾ?" ಎಂದು ಕೇಳಿದರೆ ಹತ್ತಾರು ಬಣ್ಣದ ಉಂಡೆಗಳನ್ನು ಎದುರಿಗೆ ಸುರಿದರು. ನಾವು ಉಲ್ಲನ್ ಎಂದು ಕರೆದರೂ ಇವುಗಳಲ್ಲಿ ಹೆಚ್ಚಿನವು ಕುರಿಯನ್ನು ಕಂಡವಲ್ಲ. ಚೀಟಿಯಲ್ಲಿ ಅಕ್ರಿಲಿಕ್ ಎಂದಿರುತ್ತದೆ, ಅಂದರೆ ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ ನೂಲು. ಹತ್ತಿಯ ದಪ್ಪ ನೂಲು ಬೇಕೆಂದಾಗ ಅಂಗಡಿಯವರು ಏಣಿ ಹತ್ತಿ ಮೇಲಿನ ಅಟ್ಟದಿಂದ ತೆಗೆದುಕೊಟ್ಟರು. ಬೆಲೆ ಜಾಸ್ತಿ, ಬಣ್ಣ ಕಡಿಮೆ. ಎರಡನ್ನೂ ಸ್ವಲ್ಪ ಸ್ವಲ್ಪ ಕೊಂಡೆವು.

ಬಂಟ್ವಾಳ ತಾಲೂಕಿನ ಹೆಂಗಸರಿಗೆ ನೂಲು ಹೊಸತಲ್ಲ. ಜಗಲಿಯಲ್ಲಿ ಕುಳಿತು, ಮಡಿಲಲ್ಲಿ ಗೆರಸೆಯಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ತುದಿಗೆ ನೂಲಿನ ಗಂಟು ಹಾಕುವ ಬೆರಳುಗಳು ಇಲ್ಲಿ ತಲೆಮಾರುಗಳಿಂದ ಮನೆ ನಡೆಸಿವೆ. ಹಿಂದಿನಷ್ಟು ಕೆಲಸ ಈಗ ಇಲ್ಲ. ಆದರೂ ಬೀಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು: ಅಲ್ಲಿ ಎಣಿಕೆ ಇದೆ. ಸಾವಿರಕ್ಕೆ ಇಷ್ಟು ಎಂದು ಮಜೂರಿ ಇದೆ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯೇ ಬಂತು. ಮನೆಯಲ್ಲಿ ಕುಳಿತು ಕಟ್ಟುವವಳನ್ನೂ ಅದು ಕಾರ್ಮಿಕಳೆಂದೇ ಕರೆಯಿತು. ಅದೇ ಜಗಲಿಯಲ್ಲಿ, ಅದೇ ಬೆರಳು ಕ್ರೋಶಾ ಕಡ್ಡಿ ಹಿಡಿದರೆ ಅದು "ಟೈಂಪಾಸ್" ಆಗಿಬಿಡುತ್ತದೆ.

ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ಎಂದು ಬಸ್ಸಿನ ಹುಡುಗ ಕೂಗುತ್ತ ಹೋದಂತೆ ಗಾಳಿ ತಂಪಾಗುತ್ತದೆ. ಬೆಳ್ತಂಗಡಿ ತಲುಪುವಾಗ ಘಟ್ಟದ ಮೇಲೆ ಮೋಡ ಕುಳಿತಿತ್ತು. ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಜಮಾಲಾಬಾದಿನ ಬಂಡೆ ಅರ್ಧ ಮಾತ್ರ ಕಾಣುತ್ತಿತ್ತು.

ಅತ್ತಿಗೆ ಕ್ರೋಶಾ ಕಲಿತದ್ದು ಕಾನ್ವೆಂಟು ಶಾಲೆಯ ಹೊಲಿಗೆ ಕ್ಲಾಸಿನಲ್ಲಿ. ಒಂದು ಕಾಲದಲ್ಲಿ ಅವಳ ಮನೆಯಲ್ಲಿ ಟಿ.ವಿ.ಗೆ, ರೇಡಿಯೋಗೆ, ಟೆಲಿಫೋನಿಗೆ, ನೀರಿನ ಹೂಜಿಗೆ ಎಲ್ಲಕ್ಕೂ ಬಿಳಿ ಜಾಲರಿಯ ಹೊದಿಕೆಯಿತ್ತು. ಗೋಡೆಗೆ ಅಂಟುವ ಟಿ.ವಿ. ಬಂದ ಮೇಲೆ ಹೊದಿಸಲು ಜಾಗವೇ ಉಳಿಯಲಿಲ್ಲ.

ಚಹಾ ಆದ ಮೇಲೆ ಅಂಗಳದಲ್ಲಿ ಮೊದಲ ಪ್ರಯೋಗ. ಎರಡು ಬಗೆಯ ನೂಲಿನ ತುಂಡುಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸಿದೆ. ಹತ್ತಿಯ ನೂಲು ಕಾಗದದಂತೆ ಉರಿದು, ಕಾಗದದ ವಾಸನೆ ಕೊಟ್ಟು, ಮುಟ್ಟಿದರೆ ಪುಡಿಯಾಗುವ ಬೂದಿಯಾಯಿತು. ಅಕ್ರಿಲಿಕ್ ಕಪ್ಪು ಹೊಗೆ ಬಿಟ್ಟು, ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಯಿತು. ಆ ಕರಗಿದ ಮಣಿ ಚರ್ಮಕ್ಕೆ ಅಂಟಿದರೆ ಕಿತ್ತು ಬರುವುದಿಲ್ಲ. ಒಲೆಯ ಮುಂದೆ ಕಟ್ಟುವ ಬಟ್ಟೆಗೆ ಇದು ಸಲ್ಲದು. ಹತ್ತಿಗೂ ಬೆಂಕಿ ಹಿಡಿಯುತ್ತದೆ, ಆದರೆ ಅದು ಕರಗಿ ಅಂಟಿಕೊಳ್ಳುವುದಿಲ್ಲ. ಹತ್ತಿಗೆ ಇರುವ ದೋಷವೆಂದರೆ ಆಟಿಯ ಮಳೆಯಲ್ಲಿ ಬೇಗ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಒಲೆಯ ಬಳಿ ಹಗ್ಗಕ್ಕೆ ಹಾಕಿದರೆ ಸರಿ. ಇನ್ನು ಚೌಕದ ತುಂಬ ತೂತು. ಒಗ್ಗರಣೆಯ ಎಣ್ಣೆ ಸಿಡಿದರೆ ನೇರ ಒಳಗೆ. ಆದ್ದರಿಂದ ಹಿಂಭಾಗಕ್ಕೆ ಹಳೆಯ ಹತ್ತಿ ಬಟ್ಟೆಯ ಒಳಪದರ ಹೊಲಿಯಲೇಬೇಕು.

ಎರಡನೆಯದು ಲೆಕ್ಕ. ಇಂಗ್ಲಿಷಿನಲ್ಲಿ ಈ ಚೌಕಕ್ಕೆ ಗ್ರ್ಯಾನಿ ಸ್ಕ್ವೇರ್ ಎಂದು ಹೆಸರು. ನಾವು ಅಜ್ಜಿ ಚೌಕ ಎನ್ನೋಣ. ನಾಲ್ಕು ಸರಪಳಿ ಕುಣಿಕೆಗಳ ಒಂದು ಉಂಗುರ, ಅದರೊಳಗಿಂದ ಎದ್ದು ನಿಲ್ಲುವ ಉದ್ದ ಕುಣಿಕೆಗಳು. ಮರಾಠಿಯಲ್ಲಿ ಈ ಉದ್ದ ಕುಣಿಕೆಗೆ ಖಾಂಬ್ ಎನ್ನುತ್ತಾರೆ, ಅಂದರೆ ಕಂಬ. ಮೂರು ಕಂಬ ಸೇರಿದರೆ ಒಂದು ಗುಂಪು. ಮೊದಲ ಸುತ್ತಿಗೆ 4 ಗುಂಪು, ಎರಡನೆಯದಕ್ಕೆ 8, ಮೂರನೆಯದಕ್ಕೆ 12, ಹೀಗೆ ಐದನೆಯದಕ್ಕೆ 20. ಒಟ್ಟು 60 ಗುಂಪು, 180 ಕಂಬ. ಏಳನೇ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ. ಕೊನೆಯ ಸುತ್ತಿಗೇ ಮೂರನೇ ಒಂದು ಪಾಲು ನೂಲು ಬೇಕು, ನಡುವಿನ ಸುತ್ತಿಗೆ ಹದಿನೈದರಲ್ಲಿ ಒಂದು ಪಾಲು ಸಾಕು. ಉಳಿದ ಚಿಕ್ಕ ತುಂಡುಗಳೆಲ್ಲ ನಡುವಿಗೆ, ದೊಡ್ಡ ಉಂಡೆ ಅಂಚಿಗೆ. ಅಜ್ಜಿಯರು ಇದನ್ನು ಏಕೆ ಮೆಚ್ಚಿದರೆಂದು ಇಲ್ಲೇ ಗೊತ್ತಾಗುತ್ತದೆ.

ಪ್ರತಿ ಸುತ್ತಿಗೆ ಸರಿಯಾಗಿ ನಾಲ್ಕೇ ಗುಂಪು ಹೆಚ್ಚುವುದರಿಂದ ಚೌಕ ಚಪ್ಪಟೆಯಾಗಿ ಕೂರುತ್ತದೆ. ಕಡಿಮೆ ಮಾಡಿದರೆ ಟೋಪಿಯಂತೆ ಗುಳಿಯಾಗುತ್ತದೆ. ಹೆಚ್ಚು ಮಾಡಿದರೆ ಲಂಗದ ಅಂಚಿನಂತೆ ನೆರಿಗೆ ಏಳುತ್ತದೆ. ಈ ನೆರಿಗೆಯ ಗುಣವನ್ನೇ ಹಿಡಿದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನ 1997ರಲ್ಲಿ ಅತಿಪರವಲಯ ಜ್ಯಾಮಿತಿಯ ಮೇಲ್ಮೈಯನ್ನು ಕ್ರೋಶಾದಲ್ಲಿ ಹೆಣೆದು ತೋರಿಸಿದರು. ಇದನ್ನು ಹೇಳಿದಾಗ ಅತ್ತಿಗೆ, "ನೆರಿಗೆ ಬಂದರೆ ನಾವು ಬಿಚ್ಚುತ್ತೇವೆ, ಅವರು ಅದಕ್ಕೊಂದು ಹೆಸರಿಟ್ಟರು, ಅಷ್ಟೇ" ಎಂದಳು.

ರಾತ್ರಿ ಊಟದ ನಂತರ ಅವಳು ಒಂದು ಚೌಕ ಹೆಣೆದಳು. ನಾನು ಗಡಿಯಾರ ಹಿಡಿದು ಕುಳಿತೆ. ಸುಮಾರು 15 ಸೆಂಟಿಮೀಟರಿನ ಚೌಕಕ್ಕೆ 35 ನಿಮಿಷ. ಕೆಳಭಾಗಕ್ಕೆ ಹನ್ನೆರಡು ಚೌಕ, ಎದೆಯ ಭಾಗಕ್ಕೆ ನಾಲ್ಕು. ಒಟ್ಟು ಹದಿನಾರು. ಚೌಕಗಳಿಗೇ ಒಂಬತ್ತು ಗಂಟೆ ದಾಟುತ್ತದೆ. ಜೋಡಿಸುವುದು, ಅಂಚು, ಕಟ್ಟುವ ದಾರ, ಒಳಪದರ ಎಲ್ಲ ಸೇರಿದರೆ ಹದಿನೈದು ಗಂಟೆ. ಅಂದರೆ ಎರಡು ದಿನದ ಕೆಲಸ. ವ್ಯಾಪಾರಿ ಹೇಳಿದ ದರದಲ್ಲಿ ನೂಲಿನ ಬೆಲೆ ಕಳೆದರೆ ಉಳಿದದ್ದು ಅರ್ಧ ದಿನದ ಕೂಲಿಯೂ ಅಲ್ಲ.

ಈ ಕಥೆ ಹಳೆಯದು. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಕ್ಷಾಮ ಬಂದಾಗ ಅಲ್ಲಿನ ಸನ್ಯಾಸಿನಿಯರು ಬಡ ಹೆಂಗಸರಿಗೆ ಕ್ರೋಶಾ ಕಲಿಸಿ ಹೊಟ್ಟೆಗೆ ದಾರಿ ಮಾಡಿದರು. ನಮ್ಮ ದೇಶಕ್ಕೆ ಇಂಥ ಹೆಣಿಗೆ ಮಿಷನರಿಗಳ ಜೊತೆ ಬಂತು. ಆಂಧ್ರದ ಗೋದಾವರಿ ಬಯಲಿನ ನರಸಾಪುರದಲ್ಲಿ ಅದು ದೊಡ್ಡ ಗೃಹೋದ್ಯಮವೇ ಆಯಿತು. ಆ ಹೆಣಿಗೆಗೆ 2024ರಲ್ಲಿ ಜಿ.ಐ. ಮಾನ್ಯತೆಯೂ ಸಿಕ್ಕಿತು. ಆದರೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದ ಪುಸ್ತಕ ಬೇರೊಂದು ಮುಖ ತೋರಿಸಿತು. ದಿನದಲ್ಲಿ ಅಷ್ಟು ಹೊತ್ತು ಹೆಣೆಯುವ ಹೆಂಗಸರು ಕಾರ್ಮಿಕರಲ್ಲ, ಗೃಹಿಣಿಯರು. ಅವರದು ಬಿಡುವಿನ ಕೆಲಸ. ಹಾಗೆಂದು ಎಲ್ಲರೂ ನಂಬಿದ್ದರಿಂದಲೇ ಮಜೂರಿ ಕೆಳಗೆ ಉಳಿಯಿತು, ಲಾಭ ವ್ಯಾಪಾರಿಗೆ ಹೋಯಿತು ಎಂಬುದು ಅವರ ವಾದ. "ಹೇಗೂ ಮನೆಯಲ್ಲೇ ಇರುತ್ತೀರಲ್ಲ" ಎಂಬ ಮಾತಿನ ಬೇರು ಅಷ್ಟು ದೂರ ಹೋಗುತ್ತದೆ.

ಮರುದಿನ ಅತ್ತಿಗೆಯನ್ನೂ ಕರೆದುಕೊಂಡು ಗುರುವಾಯನಕೆರೆಗೆ ಹಿಂದಿರುಗಿ ವೇಣೂರಿನ ಬಸ್ಸು ಹಿಡಿದೆವು. ಫಲ್ಗುಣಿಯ ದಡದಲ್ಲಿ 1604ರಿಂದ ನಿಂತಿರುವ ಬಾಹುಬಲಿಗೆ ಕೈಮುಗಿದು ಮುಂದೆ ಮೂಡುಬಿದಿರೆ. 1430ರಲ್ಲಿ ಕಟ್ಟಿಸಿದ ತ್ರಿಭುವನ ತಿಲಕ ಚೂಡಾಮಣಿ ಬಸದಿಯನ್ನು ಎಲ್ಲರೂ ಕರೆಯುವುದು ಸಾವಿರ ಕಂಬದ ಬಸದಿ ಎಂದೇ. ಒಂದು ಕಂಬದಂತೆ ಇನ್ನೊಂದಿಲ್ಲ ಎಂಬ ಮಾತು ಹಿಂದಿನಿಂದಲೂ ಇದೆ. ಅತ್ತಿಗೆ ಒಂದು ಕಂಬದ ಮುಂದೆ ನಿಂತುಬಿಟ್ಟಳು. ಕಲ್ಲಿನಲ್ಲಿ ಕೊರೆದ ಗಂಟು: ಒಂದೇ ಎಳೆ ಮೇಲೆ ಹೋಗಿ, ಕೆಳಗೆ ನುಸುಳಿ, ಸುತ್ತಿ ಬಂದು ತನ್ನನ್ನೇ ಸೇರುತ್ತದೆ. ಬೆರಳಿನಿಂದ ಗಾಳಿಯಲ್ಲೇ ಆ ಎಳೆಯ ಜಾಡು ಹಿಡಿದು, "ಇದನ್ನು ಕೆತ್ತಿದವನಿಗೆ ಯಾರಾದರೂ ಬಿಡುವಿದ್ದಾಗ ಮಾಡಿಕೊಡು ಅಂದಿರಬಹುದಾ?" ಎಂದು ಕೇಳಿದಳು. ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ.

ನಾನು ಜಗಲಿಯಲ್ಲಿ ಕುಳಿತು ಗುಣಾಕಾರ ಮುಗಿಸಿದೆ. ಹದಿನಾರು ಚೌಕಕ್ಕೆ 180ರಂತೆ 2880 ಕಂಬ. ಸುತ್ತಲಿನ ಅಂಚು ಸೇರಿದರೆ ಮೂರು ಸಾವಿರ ದಾಟುತ್ತದೆ. ಇವುಗಳಲ್ಲಿ ಒಂದನ್ನೂ ಕಾರ್ಖಾನೆ ಹಾಕಿಕೊಡುವುದಿಲ್ಲ. ಸ್ವೆಟರ್ ಹೆಣೆಯುವ ಯಂತ್ರ ಬಂದು ಎಷ್ಟೋ ಕಾಲವಾಯಿತು, ಆದರೆ ಅಜ್ಜಿ ಚೌಕ ಹೆಣೆದು ಪೇಟೆಗೆ ಕಳುಹಿಸುವ ಯಂತ್ರ ಇಂದಿಗೂ ಇಲ್ಲ. ಓದುಗರೇ, ಯಾವುದೇ ಊರಿನ ಅಂಗಡಿಯಲ್ಲಿ ಅಗ್ಗದ ಕ್ರೋಶಾ ಚೀಲವೋ ಏಪ್ರನ್ನೋ ಕಂಡರೆ ಇದಿಷ್ಟನ್ನು ನೆನಪಿಡಿ. ಅದು ಅಗ್ಗವಾದದ್ದು ಯಂತ್ರದಿಂದಲ್ಲ, ಯಾರದೋ ಕೈಯಿಂದ.

ಹಾಗಾದರೆ ನ್ಯಾಯವಾದ ಬೆಲೆ ಎಷ್ಟು? ನಾನು ಕೊಟ್ಟ ಸೂತ್ರ ಸರಳ: ನೂಲು ಮತ್ತು ಬಟ್ಟೆಯ ಬೆಲೆ, ಅದರ ಮೇಲೆ ಆ ಊರಿನಲ್ಲಿ ತೋಟದ ಕೆಲಸಕ್ಕೆ ಬರುವ ಆಳಿಗೆ ಕೊಡುವ ಎರಡು ದಿನದ ಕೂಲಿ. ಬೆಳ್ತಂಗಡಿ ತಾಲೂಕಿನಲ್ಲಿ ಹೆಂಗಸರು ಸ್ವಸಹಾಯ ಸಂಘದಲ್ಲಿ ಕುಳಿತು ಉಳಿತಾಯ, ಬಡ್ಡಿ, ಕಂತು ಎಂದು ಪುಸ್ತಕ ಬರೆಯುವುದನ್ನು ಕಲಿತು ದಶಕಗಳಾದವು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಸ್ವ-ಉದ್ಯೋಗ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್ ಸಂಸ್ಥೆ ಎರಡೂ ಶುರುವಾದದ್ದು 1982ರಲ್ಲಿ. ಬ್ಯಾಂಕಿನ ಲೆಕ್ಕ ಬಲ್ಲ ಕೈಗೆ ತನ್ನ ಗಂಟೆಯ ಲೆಕ್ಕ ಕಷ್ಟವೇನಲ್ಲ. ಬರೆದಿಡುವ ಅಭ್ಯಾಸ ಬೇಕು, ಅಷ್ಟೇ.

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಗೆ ಬೆಳ್ತಂಗಡಿಯ ಬಸ್ಸು ಹತ್ತಿದಳು, ನಾವು ಸಿದ್ಧಕಟ್ಟೆಯದು. ವ್ಯಾಪಾರಿಗೆ ಅವಳು ಆ ವಾರವೇ ತನ್ನ ದರ ಹೇಳಿದಳಂತೆ. ಅವರು ಮೊದಲು ನಕ್ಕರು, ಆಮೇಲೆ ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಫೋನು ಮಾಡಿ, ಹನ್ನೆರಡು ಬೇಡ, ನೀವು ಹೇಳಿದ ದರಕ್ಕೇ ಎರಡು ಮಾಡಿ, ನೋಡೋಣ ಎಂದರು. ಎರಡಾದರೆ ಎರಡು. ಹತ್ತಿಯ ನೂಲಿಗೆಂದು ಅತ್ತಿಗೆ ಬರುವ ಶನಿವಾರ ಬಂಟ್ವಾಳಕ್ಕೆ ಇಳಿಯುತ್ತಾಳೆ. ಅಂಚಿಗೆ ಕುಂಕುಮದ ಬಣ್ಣ ಬೇಕಂತೆ, ಮೂರನೇ ಒಂದು ಪಾಲು.